ಮಳೆಗಾಲಕ್ಕೆ ಮೊದಲು ಊರಿಗೊಂದು ವಿಪತ್ತು ತರಬೇತಿ: ಒಂದೇ ದಿನದಲ್ಲಿ ಏನು ಮಾಡಬಹುದು?

ಪ್ರಶ್ನೆ: ನಾನು ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಪಿಡಿಒ. 2018ರಲ್ಲಿ ನಮ್ಮ ವ್ಯಾಪ್ತಿಯಲ್ಲೂ ಗುಡ್ಡ ಕುಸಿದಿತ್ತು. ಈ ಮೇ ತಿಂಗಳಲ್ಲಿ ವಿಪತ್ತು ಸಿದ್ಧತಾ ಯೋಜನೆ ಬಗ್ಗೆ ಒಂದು ದಿನದ ತರಬೇತಿ ಮಾಡಬೇಕು. ಹೋದ ವರ್ಷವೂ ಮಾಡಿದ್ದೆವು. ಪರದೆ ಮೇಲೆ ಚಿತ್ರ ತೋರಿಸಿದರು, ಭಾಷಣ ಆಯ್ತು, ಊಟ ಆಯ್ತು, ಎಲ್ಲರೂ ಸಹಿ ಹಾಕಿ ಹೋದರು. ಜುಲೈಯಲ್ಲಿ ಮಳೆ ಜೋರಾದಾಗ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಈ ಸಲ ಯಾರನ್ನು ಕರೆಯಬೇಕು? ಏನು ಕಲಿಸಬೇಕು? ಹೊರಗಿನ ತಜ್ಞರು ಬೇಕೇ ಬೇಕಾ?

ಉತ್ತರ: ನಮಸ್ಕಾರ. ಭೂಕುಸಿತ ಅಂದರೇನು ಅಂತ ನಿಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಅದನ್ನು ಕಣ್ಣಾರೆ ಕಂಡವರು. ಅವರ ಹತ್ತಿರ ಇಲ್ಲದಿರುವುದು ಒಂದೇ, ಮೊದಲೇ ಮಾಡಿಟ್ಟ ತೀರ್ಮಾನ. ಯಾವ ಮನೆಯವರು, ಎಷ್ಟು ಮಳೆಯಾದಾಗ, ಯಾವ ದಾರಿಯಲ್ಲಿ, ಎಲ್ಲಿಗೆ, ಯಾರ ಮಾತಿನ ಮೇಲೆ ಹೊರಡಬೇಕು? ಸಂಜೆ ಮನೆಗೆ ಹೋಗುವಾಗ ಇದಕ್ಕೆ ಉತ್ತರ ಹಾಳೆಯ ಮೇಲೆ ಬಂದಿರಬೇಕು. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದೆ, ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ ಈ ತೀರ್ಮಾನ ಮಾಡಲು ಆಗುವುದಿಲ್ಲ. ಮೇ ತಿಂಗಳ ಬಿಸಿಲಲ್ಲಿ ಕೂತು ಮಾಡಬೇಕು. ತರಬೇತಿಯ ಪ್ರತಿ ಗಂಟೆಯನ್ನೂ ಇದಕ್ಕೇ ಇಡಿ. ಇದಕ್ಕೆ ಸೇರದ್ದನ್ನು, ಅದು ಎಷ್ಟೇ ಒಳ್ಳೆಯ ಮಾಹಿತಿಯಾದರೂ ಬಿಡಿ.

ಮೊದಲು ಯಾರನ್ನು ಕರೆಯಬೇಕು ಅನ್ನುವುದು. ಸದಸ್ಯರು, ಗ್ರಾಮ ಆಡಳಿತಾಧಿಕಾರಿ, ಶಾಲೆಯ ಮುಖ್ಯ ಶಿಕ್ಷಕರು ಹೇಗೂ ಬರುತ್ತಾರೆ. ನಾನಾದರೆ ಪಟ್ಟಿಯಲ್ಲಿ ಮೊದಲು ಬರೆಯುವುದು ನೀರುಗಂಟಿಯ ಹೆಸರು. ದಿನಾ ನೀರಿನ ಮೂಲದ ತನಕ ನಡೆದು ಹೋಗುವವರು ಅವರು. ನೀರು ಕದಡಿದ್ದು, ಒರತೆ ಹೊಸ ಜಾಗದಲ್ಲಿ ಎದ್ದಿದ್ದು ಮೊದಲು ಕಾಣುವುದು ಅವರಿಗೆ. ಆಮೇಲೆ ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ತಿಂಗಳು ತುಂಬಿದೆ, ಯಾರು ಡಯಾಲಿಸಿಸ್‌ಗೆ ಹೋಗುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಲೈನ್‌ಮ್ಯಾನ್ ಬೇಕು, ಅಂಗನವಾಡಿ ಕಾರ್ಯಕರ್ತೆ ಬೇಕು, ಸ್ತ್ರೀಶಕ್ತಿ ಸಂಘದವರು ಬೇಕು. ಬಾಡಿಗೆ ಜೀಪ್ ಓಡಿಸುವ ಇಬ್ಬರು ಮೂವರು ಬೇಕೇ ಬೇಕು. ಯಾವ ತಿರುವಿನಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಜರಿಯುತ್ತದೆ ಅನ್ನುವುದು ಅವರಷ್ಟು ಚೆನ್ನಾಗಿ ಯಾವ ಇಂಜಿನಿಯರಿಗೂ ಗೊತ್ತಿರುವುದಿಲ್ಲ.

ಬಹಳ ಕಡೆ ಬಿಟ್ಟುಹೋಗುವವರು ತೋಟದ ಲೈನ್ ಮನೆಗಳವರು, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿರುವವರು. ಅವರಲ್ಲಿ ಎಷ್ಟೋ ಜನರ ಓಟು ಇಲ್ಲಿಲ್ಲ, ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಈಗ ಅಸ್ಸಾಂ ಕಡೆಯಿಂದ ಬಂದವರೂ ಜಾಸ್ತಿ. ಅವರಿಗೆ ಕನ್ನಡದ ಮೈಕ್ ಅರ್ಥವಾಗುವುದಿಲ್ಲ. ಹಾಗಾಗಿ ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿಯನ್ನು ಕರೆಯಿರಿ, ಕಾರ್ಮಿಕರ ಪರವಾಗಿ ಅವರಲ್ಲೇ ಒಬ್ಬರನ್ನೂ ಕರೆಯಿರಿ. ಆ ದಿನದ ಕೂಲಿ ಕಡಿತವಾಗದಂತೆ ತೋಟದ ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಕೂಲಿ ಹೋಗುತ್ತದೆ ಅಂದರೆ ಯಾರೂ ಬರುವುದಿಲ್ಲ, ಬರದಿದ್ದರೆ ಅವರ ತಪ್ಪೂ ಅಲ್ಲ. ಶುಕ್ರವಾರ ಇಟ್ಟುಕೊಳ್ಳಬೇಡಿ, ಅವತ್ತು ಮಡಿಕೇರಿ ಸಂತೆ. ಒಟ್ಟು ಮೂವತ್ತೈದು ನಲವತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಅದು ಸಭೆಯಾಗುತ್ತದೆ, ಕೆಲಸ ನಡೆಯುವುದಿಲ್ಲ.

ತರಬೇತಿಗೆ ಒಂದು ವಾರ ಮೊದಲು ಅರ್ಧ ದಿನ ಊರು ಸುತ್ತಿ. ನೀರುಗಂಟಿ, ಒಬ್ಬ ಹಿರಿಯರು, ನೀವು ಇದ್ದರೆ ಸಾಕು. ಮನೆ ಹಿಂದೆ ಹೊಸದಾಗಿ ಬರೆ ಕಡಿದದ್ದು ಎಲ್ಲಿ, ಮೋರಿ ಎಲ್ಲಿ ಮುಚ್ಚಿದೆ, ಮಣ್ಣು ಎಲ್ಲಿ ಸೀಳಿದೆ, ಗುಡ್ಡದ ಮೇಲಿನ ಸಮತಟ್ಟಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ನೋಡಿ ಫೋಟೋ ತೆಗೆಯಿರಿ. ಅವತ್ತು ಪರದೆ ಮೇಲೆ ಏನಾದರೂ ತೋರಿಸಲೇಬೇಕು ಅಂತಿದ್ದರೆ ಇವನ್ನು ತೋರಿಸಿ. ಎಲ್ಲೋ ಹಿಮಾಲಯದ ಚಿತ್ರ ನೋಡಿ ಜನ ಅಯ್ಯೋ ಅನ್ನುತ್ತಾರೆ, ಅಷ್ಟೇ. ತಮ್ಮದೇ ಮನೆಯ ಹಿಂದಿನ ಬರೆ ಕಂಡರೆ ಎದ್ದು ನಿಂತು ಮಾತಾಡುತ್ತಾರೆ.

ಇನ್ನು ತರಬೇತಿಯ ದಿನ. ಉದ್ಘಾಟನೆ, ಸ್ವಾಗತ ಎಲ್ಲ ಸೇರಿ ಕಾಲು ಗಂಟೆಯಲ್ಲಿ ಮುಗಿಯಲಿ. ಅಧ್ಯಕ್ಷರ ಹತ್ತಿರ ಮೊದಲೇ ಹೇಳಿದರೆ ಒಪ್ಪುತ್ತಾರೆ.

ಮೊದಲ ಒಂದೂವರೆ ಗಂಟೆ 2018ಕ್ಕೆ ಕೊಡಿ. ಆ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಡೆ ಒಟ್ಟೊಟ್ಟಿಗೆ ಕುಸಿತವಾಯಿತು. ರಸ್ತೆ, ಕರೆಂಟು, ಫೋನು ಮೂರೂ ಹೋದವು. ಗೋಡೆಗೆ ಉದ್ದನೆಯ ಕಂದು ಹಾಳೆ ಅಂಟಿಸಿ, ಆಗಸ್ಟ್ 14ರಿಂದ 17ರವರೆಗೆ ಗೆರೆ ಎಳೆಯಿರಿ. ಆಮೇಲೆ ಮೂರೇ ಪ್ರಶ್ನೆ ಕೇಳಿ. ಮೊದಲು ಏನು ಕಂಡಿರಿ? ಮನೆ ಬಿಟ್ಟು ಯಾವಾಗ ಹೊರಟಿರಿ? ನಡುವೆ ಯಾಕೆ ತಡವಾಯಿತು? ಮೂರನೇ ಪ್ರಶ್ನೆಯ ಉತ್ತರಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ದನ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಅತ್ತೆ ಒಪ್ಪಲಿಲ್ಲ. ಯಾರಾದರೂ ಫೋನ್ ಮಾಡಿ ಹೇಳುತ್ತಾರೆ ಅಂತ ಕಾದೆವು. ಮನೆ ಖಾಲಿ ಬಿಟ್ಟರೆ ಕಳ್ಳತನದ ಭಯ. ಅಜ್ಜನ ಕಾಲದಿಂದ ಇಲ್ಲಿ ಏನೂ ಆಗಿಲ್ಲವಲ್ಲ ಅನ್ನುವ ನಂಬಿಕೆ. ಇಂಥವು ಬರುತ್ತವೆ. ನಿಮ್ಮ ಯೋಜನೆ ನಿಲ್ಲಬೇಕಾದದ್ದು ಈ ಉತ್ತರಗಳ ಮೇಲೆ. ಒಂದೊಂದು ತಡಕ್ಕೂ ಸಂಜೆಯೊಳಗೆ ಒಂದು ಪರಿಹಾರ ಸಿಗಬೇಕು.

ಒಂದು ಎಚ್ಚರಿಕೆ. ಆ ಕೋಣೆಯಲ್ಲಿ ಮನೆ ಕಳೆದುಕೊಂಡವರು, ಮನೆಯವರನ್ನೇ ಕಳೆದುಕೊಂಡವರು ಇರಬಹುದು. ಮನೆ ಜಾರಿ ಬೀಳುವ ವಿಡಿಯೋ ಹಾಕಬೇಡಿ. ಯಾರನ್ನೂ ಹೆಸರು ಹಿಡಿದು ‘ನಿಮ್ಮ ಕಥೆ ಹೇಳಿ’ ಅನ್ನಬೇಡಿ. ಹೇಳಬೇಕೆನಿಸಿದವರು ತಾವಾಗಿ ಹೇಳುತ್ತಾರೆ. ಯಾರಾದರೂ ಎದ್ದು ಹೊರಗೆ ಹೋದರೆ ಜೊತೆಗೆ ಹೋಗಿ ಕೂರಲು ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಡಿ.

ಇದು ಮುಗಿದ ಮೇಲೆ ಗುಡ್ಡ ಕೊಡುವ ಸೂಚನೆಗಳ ಬಗ್ಗೆ ಅರ್ಧ ಗಂಟೆ ಸಾಕು. ನಮ್ಮ ಕಡೆಯ ಗುಡ್ಡಗಳಲ್ಲಿ ಕಲ್ಲಿನ ಮೇಲೆ ದಪ್ಪ ಮಣ್ಣಿನ ಪದರ ಇದೆ. ದಿನಗಟ್ಟಲೆ ಮಳೆ ಕುಡಿದು ಮಣ್ಣು ಭಾರವಾಗುತ್ತದೆ. ಒಳಗೆ ನೀರಿನ ಒತ್ತಡ ಏರಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಕೆಳಗೆ ಮನೆಗೋ ರಸ್ತೆಗೋ ಬರೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇರುವುದಿಲ್ಲ. ಕುಸಿಯುವ ಮೊದಲು ಹಲವು ಸಲ ಗುರುತು ಕಾಣುತ್ತವೆ. ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು ಬರುತ್ತದೆ. ನಿನ್ನೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ಳುತ್ತದೆ. ಕಂಬ, ಮರ ವಾಲುತ್ತವೆ. ಒಣಗಿದ್ದ ಕಡೆ ನೀರು ಚಿಮ್ಮುತ್ತದೆ. ತಿಳಿ ನೀರು ಕೆಂಪಾಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಒಂದಿದೆ. ಜೋರು ಮಳೆ ಬರುತ್ತಿದ್ದರೂ ತೋಡಿನ (ಸಣ್ಣ ಹಳ್ಳದ) ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅದರ ಅರ್ಥ. ಅದು ಒಡೆದಾಗ ಎಲ್ಲವೂ ಒಟ್ಟಿಗೆ ಬರುತ್ತದೆ. ಆಗ ತೋಡಿನ ಗುಂಟ ಕೆಳಗೆ ಓಡಬಾರದು. ತೋಡು ಬಿಟ್ಟು ಅಡ್ಡಕ್ಕೆ, ಎತ್ತರಕ್ಕೆ ಹೋಗಬೇಕು.

ನಂತರ ನಕ್ಷೆ. ಅಂಗಳದಲ್ಲಿ ಅಥವಾ ಹಾಲ್‌ನ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರು ಬರೆಯಲು ಹೇಳಿ. ಸಂಘದ ಹೆಂಗಸರಿಗೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಪ್ರತಿ ಮನೆ, ತೋಡು, ಕಾಲುದಾರಿ ಬಂದುಬಿಡುತ್ತದೆ. 2018ರಲ್ಲಿ ಕುಸಿದ ಜಾಗಕ್ಕೆ ಕೆಂಪು, ಹೊಸದಾಗಿ ಕಡಿದ ಬರೆಗೆ ಹಳದಿ. ಸಹಾಯ ಬೇಕಾದವರ ಮನೆಗೆ ಒಂದು ಕಲ್ಲು ಇಡಿ. ಗುಡ್ಡದ ಬುಡದಲ್ಲಿ ಮಾತ್ರ ಅಪಾಯ ಅಂದುಕೊಳ್ಳದಂತೆ ಶಿರೂರಿನ ವಿಷಯ ಹೇಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಆ ರಭಸಕ್ಕೆ ನದಿಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಕುಸಿದ ಗುಡ್ಡಕ್ಕೂ ಆ ಮನೆಗಳಿಗೂ ನಡುವೆ ಇಡೀ ನದಿ ಇತ್ತು. ನಿಮ್ಮ ನಕ್ಷೆಯಲ್ಲೂ ತೋಡಿನ ಆಚೆ ದಡ, ಕೆಳಗಿನ ಗದ್ದೆ ಬಯಲಿನ ಮನೆಗಳು ಬರಲಿ. ಅಳಿಸುವ ಮೊದಲು ಫೋಟೋ ತೆಗೆದು, ಹಾಳೆಗೆ ನಕಲು ಮಾಡಿಕೊಳ್ಳಿ. ಕಾಯಿಲೆ ಇರುವವರ ವಿವರ ಮಾತ್ರ ಗೋಡೆ ಮೇಲಿನ ನಕ್ಷೆಯಲ್ಲಿ ಬೇಡ. ಅದು ಆಶಾ ಕಾರ್ಯಕರ್ತೆ ಮತ್ತು ವಾರ್ಡ್ ಸದಸ್ಯರ ಹತ್ತಿರ ಇದ್ದರೆ ಸಾಕು.

ಈಗ ತರಬೇತಿಯ ಮುಖ್ಯ ಭಾಗ. ಯಾವಾಗ ಹೊರಡಬೇಕು? ಇದಕ್ಕೆ ಊಟಕ್ಕೆ ಮೊದಲು ಒಂದು ಗಂಟೆಯಾದರೂ ಬೇಕು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ಮಳೆಯಾದರೆ ಭಾರಿ ಮಳೆ. 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕಿಂತ ಮೇಲಿನ ಹಂತ. ನಿಮ್ಮ ಕಡೆ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಲ್ವಾ? ಹಾಗೆ ಹೇಳಿದರೆ ಹೆಚ್ಚುಕಡಿಮೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಇದನ್ನು ಹಾಗೇ ತಂದು ‘ಎರಡೂವರೆ ಇಂಚಿಗೆ ಹೊರಡಿ’ ಅಂದರೆ ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ. ಜುಲೈಯಲ್ಲಿ ಅಷ್ಟು ಮಳೆ ಮಾಮೂಲು. ಒಂದು ದಿನದ ಮಳೆಗಿಂತ ಹಿಂದಿನ ಮೂರು ನಾಲ್ಕು ದಿನ ನೆಲ ಎಷ್ಟು ಕುಡಿದಿದೆ ಅನ್ನುವುದು ಇಲ್ಲಿ ಮುಖ್ಯ.

ಅದಕ್ಕೆ ಬೇಕಾದ ದಾಖಲೆ ನಿಮ್ಮೂರಲ್ಲೇ ಇದೆ. ಕಾಫಿ ಬೆಳೆಗಾರರ ಮನೆಗಳಲ್ಲಿ ದಿನದಿನದ ಮಳೆ ಬರೆದಿಟ್ಟ ಪುಸ್ತಕಗಳಿರುತ್ತವೆ. ಎರಡು ಮೂರು ತೋಟದವರಿಗೆ 2018ರ ಪುಸ್ತಕ ತರಲು ಹೇಳಿ. ಕುಸಿತದ ಹಿಂದಿನ ಮೂರು ದಿನದ ಮಳೆ ಕೂಡಿಸಿ. ಆ ತಿಂಗಳ ಮೊದಲು ಎಷ್ಟಾಗಿತ್ತು ಅನ್ನುವುದನ್ನೂ ನೋಡಿ. ಆಮೇಲೆ ನಂತರದ ವರ್ಷಗಳಲ್ಲಿ ಸಣ್ಣಪುಟ್ಟ ಬರೆ ಕುಸಿದ ದಿನಗಳನ್ನು ಅದೇ ಪುಸ್ತಕದಲ್ಲಿ ಹುಡುಕಿ. ಜನ ತಮ್ಮದೇ ಕೈಬರಹದ ಅಂಕಿಯನ್ನು ನಂಬುತ್ತಾರೆ. ಆ ಅಂಕಿಗಳಿಗಿಂತ ಸಾಕಷ್ಟು ಕೆಳಗೆ ಮೂರು ಗೆರೆ ಎಳೆಯಿರಿ. ಮೊದಲ ಗೆರೆಗೆ ಎಚ್ಚರ: ದಾಖಲೆ ಪತ್ರ, ಔಷಧಿ, ಟಾರ್ಚ್ ಒಂದು ಚೀಲದಲ್ಲಿ. ಎರಡನೇ ಗೆರೆಗೆ ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಹೊರಡುವುದು. ಮೂರನೇ ಗೆರೆಗೆ ಗುರುತು ಮಾಡಿದ ಎಲ್ಲ ಮನೆಗಳೂ ಖಾಲಿ. 2018ರ ನಂತರ ಗುಡ್ಡದ ರೂಪ ಬದಲಾಗಿದೆ, ಹೊಸ ಬರೆಗಳು ಬಂದಿವೆ. ಹಾಗಾಗಿ ಗೆರೆ ಮುಟ್ಟುವ ಮೊದಲೇ ಬಿರುಕೋ ಕೆಂಪು ನೀರೋ ಕಂಡರೆ ಅಂಕಿ ನೋಡುತ್ತಾ ಕೂರಬಾರದು, ಹೊರಡಬೇಕು. ಇದನ್ನು ಗೆರೆಗಳ ಕೆಳಗೇ ದಪ್ಪಕ್ಷರದಲ್ಲಿ ಬರೆಸಿ.

ಜೊತೆಗೆ ಒಂದು ಹಗಲಿನ ನಿಯಮ ಮಾಡಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ಎರಡನೇ ಗೆರೆ ಹತ್ತಿರ ಬಂದಿದ್ದರೆ ಕತ್ತಲಾಗುವ ಮೊದಲೇ ಹೊರಡುವುದು. ರಾತ್ರಿ ನಡೆದು ಹೋಗುವುದು ಕಷ್ಟ. ದಾರಿಯಲ್ಲಿ ಆನೆ ಇರಬಹುದು, ಮುರಿದು ಬಿದ್ದ ಕರೆಂಟ್ ತಂತಿ ಇರಬಹುದು.

ಹೊರಡಿ ಅನ್ನುವ ಮಾತು ಯಾರದು? 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಅಧಿಕಾರ ಇದೆ, ಅವರ ಆದೇಶ ಬಂದರೆ ಪಾಲಿಸಬೇಕು. ಆದರೆ ತಾನಾಗಿ ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಲು ಯಾರ ಆದೇಶವೂ ಬೇಡ. ಇದು ಎಲ್ಲರಿಗೂ ಸ್ಪಷ್ಟವಾಗಲಿ. ಒಂದೊಂದು ಹಾಡಿಗೂ (ಆದಿವಾಸಿಗಳ ಕೇರಿ), ಲೈನಿಗೂ ಮೂವರ ಹೆಸರು ಬರೆಯಿರಿ. ಮೂವರಲ್ಲಿ ಯಾರೊಬ್ಬರು ಹೇಳಿದರೂ ಹೊರಡುವುದು. ಹೊರಟ ಮೇಲೆ ಏನೂ ಆಗದಿದ್ದರೆ ಹೇಳಿದವರನ್ನು ಬೈಯಬಾರದು ಅನ್ನುವ ಒಪ್ಪಂದವನ್ನೂ ಅವತ್ತೇ ಮಾಡಿಸಿ. ಬೈಗುಳದ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡಿರುವವರು ಎಲ್ಲ ಊರಲ್ಲೂ ಇರುತ್ತಾರೆ.

ಸುದ್ದಿ ಹೇಗೆ ಮುಟ್ಟಿಸಬೇಕು ಅನ್ನುವುದನ್ನು ‘ಫೋನ್ ಇಲ್ಲ’ ಅಂತಲೇ ಶುರುಮಾಡಿ. ವಾಟ್ಸಾಪ್ ಗುಂಪು ಎಲ್ಲರೂ ಮಾಡಿರುತ್ತಾರೆ, ಟವರ್ ಬಿದ್ದರೆ ಅದು ಇಲ್ಲ. ಶಬ್ದದ ಸೂಚನೆ ಇಡುವಾಗ ಕೊಡಗಿನಲ್ಲಿ ಸ್ವಲ್ಪ ಯೋಚಿಸಬೇಕು. ಆನೆ ಓಡಿಸಲು ಪಟಾಕಿ ಹೊಡೆಯುತ್ತಾರೆ, ಹಾಗಾಗಿ ಪಟಾಕಿ ಬೇಡ. ಕೊಡವ ಮನೆಗಳಲ್ಲಿ ಸಾವಿನ ಸುದ್ದಿಗೆ ಗುಂಡು ಹಾರಿಸುವ ಪದ್ಧತಿ ಇದೆ, ಅದೂ ಬೇಡ. ದೇವಸ್ಥಾನದ ಗಂಟೆ, ಮಸೀದಿಯ ಮೈಕ್, ಚರ್ಚ್ ಗಂಟೆ, ಜೀಪಿನ ಹಾರ್ನ್, ಕೈಯಿಂದ ತಿರುಗಿಸುವ ಸೈರನ್, ಇವುಗಳಲ್ಲಿ ಊರು ಒಪ್ಪಿದ್ದನ್ನು ಆರಿಸಿ. ಮೈಕಿಗೆ ಬ್ಯಾಟರಿ ಇದೆಯಾ ಅಂತ ಅವತ್ತೇ ಹೋಗಿ ನೋಡಿ. ಕೊನೆಗೆ ಮನೆಮನೆಗೆ ಓಡಿಹೋಗಿ ಬಾಗಿಲು ತಟ್ಟುವ ಹುಡುಗರ ಹೆಸರೂ ಬೇಕು. ಫೋನ್ ಇರುವಷ್ಟು ಹೊತ್ತು 112 ಮತ್ತು ಜಿಲ್ಲೆಯ ನಿಯಂತ್ರಣ ಕೊಠಡಿಯ 1077 ಎಲ್ಲರ ಬಾಯಲ್ಲಿರಲಿ.

ಊಟ ಚೆನ್ನಾಗಿ ಹಾಕಿಸಿ. ಊಟದ ಹೊತ್ತಿನಲ್ಲಿ ಜನ ಹೇಳುವುದನ್ನು ಕಿವಿಗೊಟ್ಟು ಕೇಳಿ. ಸಭೆಯಲ್ಲಿ ಮಾತಾಡದ ಹೆಂಗಸರು ಆಗ ಮಾತಾಡುತ್ತಾರೆ.

ಊಟದ ನಂತರ ಯಾರೂ ಭಾಷಣ ಮಾಡಬಾರದು. ಆರು ಏಳು ಜನರ ಗುಂಪು ಮಾಡಿ, ಬೆಳಗ್ಗೆ ಬರೆದ ಯೋಜನೆ ಅವರ ಮುಂದೆ ಇಡಿ. ಹತ್ತು ನಿಮಿಷಕ್ಕೊಂದು ಚೀಟಿ ಕೊಡಿ. ಚೀಟಿಗಳು ಹೀಗಿರಬಹುದು. ‘ಮಂಗಳವಾರ ಬೆಳಗ್ಗೆ ಎಂಟೂವರೆ. ಮೂರು ದಿನದ ಮಳೆ ನಿಮ್ಮ ಎರಡನೇ ಗೆರೆ ದಾಟಿದೆ. ಈಗ ಬಿಸಿಲು ಬಂದಿದೆ.’ ಇಲ್ಲೇ ಅರ್ಧ ಜನ ‘ಬಿಸಿಲು ಬಂತಲ್ಲ, ಸ್ವಲ್ಪ ನೋಡೋಣ’ ಅನ್ನುತ್ತಾರೆ. ಚರ್ಚೆ ಆಗಲಿ. ‘ಹನ್ನೊಂದು ಗಂಟೆ. ಮಕ್ಕಳು ಹೊಳೆಯಾಚೆ ಶಾಲೆಯಲ್ಲಿದ್ದಾರೆ, ಸೇತುವೆ ಮೇಲೆ ನೀರು ಬರುತ್ತಿದೆ.’ ‘ಎರಡು ಗಂಟೆ. ಫೋನ್ ಸತ್ತಿದೆ.’ ‘ಮೂರೂವರೆ. ಮತ್ತೆ ಜೋರು ಮಳೆ. ತೋಡಿನ ನೀರು ಇಳಿದಿದೆ ಅಂತ ನೀರುಗಂಟಿ ಹೇಳುತ್ತಿದ್ದಾರೆ.’ ಇದನ್ನು ಓದಿ ಯಾರಾದರೂ ಸಮಾಧಾನಪಟ್ಟರೆ ಬೆಳಗ್ಗಿನ ಪಾಠ ಇನ್ನೊಂದು ಸಲ ಹೇಳಬೇಕು ಅಂತ ಅರ್ಥ. ‘ನಾಲ್ಕೂವರೆ. ಕಾಳಜಿ ಕೇಂದ್ರದ (ಪರಿಹಾರ ಶಿಬಿರದ) ಬೀಗದ ಕೈ ಇರುವವರು ಕುಶಾಲನಗರದಲ್ಲಿದ್ದಾರೆ.’ ‘ಐದು ಗಂಟೆ. ಮೇಲಿನ ಮನೆಯ ಅಜ್ಜಿ ಬರುವುದಿಲ್ಲ ಅಂತ ಕೂತಿದ್ದಾರೆ.’ ಒಂದೊಂದು ಚೀಟಿಗೂ ‘ನೋಡಿಕೊಳ್ಳುತ್ತೇವೆ’ ಅನ್ನುವ ಉತ್ತರ ನಡೆಯುವುದಿಲ್ಲ. ಯಾರು, ಯಾವಾಗ, ಹೇಗೆ ಅಂತ ಹೆಸರು ಹಿಡಿದು ಹೇಳಬೇಕು. ಉತ್ತರ ಸಿಗದ ಕಡೆ ಯೋಜನೆಯಲ್ಲಿ ತೂತಿದೆ. ಅದನ್ನು ಅಲ್ಲೇ ತುಂಬಿ.

ಕೇಂದ್ರದ ವಿಷಯಕ್ಕೆ ಇಲ್ಲೇ ಸಮಯ ಕೊಡಿ. ಜನ ಹೊರಡದಿರುವುದಕ್ಕೆ ದೊಡ್ಡ ಕಾರಣ ಹೋದ ಕಡೆ ಹೇಗಿರುತ್ತದೋ ಅನ್ನುವ ಸಂಕೋಚ. ಹೆಂಗಸರಿಗೆ ಬೇರೆ ಶೌಚಾಲಯ, ಚಿಲಕ ಇರುವ ಬಾಗಿಲು, ಬಾಣಂತಿಗೆ ಒಂದು ಮೂಲೆ, ಬಿಸಿನೀರು, ಒಣಗಿದ ಬಟ್ಟೆ. ಇವು ಇದ್ದರೆ ಎರಡನೇ ಸಲ ಕರೆದಾಗ ತಾವೇ ಬರುತ್ತಾರೆ. ದನಗಳಿಗೆ ಎತ್ತರದ ಜಾಗ ಗುರುತಿಸಿ. ಒಯ್ಯಲು ಆಗದಿದ್ದರೆ ಹಗ್ಗ ಬಿಚ್ಚಿ ಹೊರಡಬೇಕು ಅನ್ನುವುದನ್ನು ಎಲ್ಲರ ಎದುರು ಒಪ್ಪಿಸಿ. ಖಾಲಿ ಮನೆಗಳ ಕಾವಲಿಗೆ ಪೊಲೀಸ್ ಬೀಟ್ ಕೇಳಿಕೊಳ್ಳಿ, ಅದರ ಹೆಸರಿನಲ್ಲಿ ಯಾರೂ ಹಿಂದೆ ಉಳಿಯುವುದು ಬೇಡ.

ಯೋಜನೆ ಬರೆದ ಮೇಲೆ ಅದಕ್ಕೇ ಅಂಟಿಕೊಳ್ಳುವ ಅಪಾಯವೂ ಇದೆ. ಇದನ್ನು ಹೇಳಲು ನಾನು ಜಪಾನಿನ ಕಮೈಶಿ ಪಟ್ಟಣದ ಉದಾಹರಣೆ ಕೊಡುತ್ತೇನೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಅಲ್ಲಿ ಸುಮಾರು ಸಾವಿರ ಜನ ಸತ್ತರು ಅಥವಾ ಕಾಣೆಯಾದರು. ಆದರೆ ಹತ್ತಿರ ಹತ್ತಿರ ಮೂರು ಸಾವಿರ ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಉನೊಸುಮೈ ಎಂಬಲ್ಲಿ ದೊಡ್ಡ ಶಾಲೆಯ ಮಕ್ಕಳು ಓಡಿದ್ದನ್ನು ನೋಡಿ ಪಕ್ಕದ ಚಿಕ್ಕ ಶಾಲೆಯವರೂ ಹೊರಟರು. ನಿಗದಿಯಾಗಿದ್ದ ಜಾಗ ಮುಟ್ಟಿದಾಗ ಹಿಂದಿನ ಬರೆ ಜರಿಯುತ್ತಿರುವುದು ಕಂಡಿತು. ಅಲ್ಲಿ ನಿಲ್ಲದೆ ಚಿಕ್ಕವರ ಕೈ ಹಿಡಿದು ಇನ್ನೂ ಮೇಲೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಆ ಮೊದಲ ಜಾಗಕ್ಕೂ ನೀರು ಬಂತು. ವರ್ಷಗಳ ಕಾಲ ಅವರಿಗೆ ಕಲಿಸಿದ್ದು ಇದನ್ನೇ. ನಕ್ಷೆಯಲ್ಲಿ ಬರೆದದ್ದೇ ಕೊನೆ ಅಂದುಕೊಳ್ಳಬೇಡಿ, ಕಣ್ಣಿಗೆ ಕಂಡದ್ದನ್ನು ನಂಬಿ, ಮೊದಲು ನೀವು ಹೊರಡಿ. ನಿಮ್ಮ ಯೋಜನೆಯಲ್ಲೂ ಎರಡನೇ ದಾರಿ, ಎರಡನೇ ಜಾಗ ಇರಲಿ.

ಸಂಜೆ ನಾಲ್ಕಕ್ಕೆ ಎಲ್ಲವೂ ಒಂದೇ ಹಾಳೆಗೆ ಬರಬೇಕು. ದೊಡ್ಡ ಅಕ್ಷರ, ಗೆರೆಗಳ ಅಂಕಿ, ಮೂವರ ಹೆಸರು, ದಾರಿ, ಜಾಗ. ಪ್ಲಾಸ್ಟಿಕ್ ಹಾಕಿಸಿ ಅಂಗಡಿ, ಅಂಗನವಾಡಿ, ಲೈನ್ ಮನೆಗಳ ಗೋಡೆಗೆ ಅಂಟಿಸಿ. ಲೈನಿನದ್ದು ಅಲ್ಲಿಯವರ ಭಾಷೆಯಲ್ಲೂ ಇರಲಿ. ಮೋರಿ ಬಿಡಿಸುವುದು, ಚರಂಡಿ, ತಡೆಗೋಡೆಯಂಥ ಕೆಲಸಗಳು ಹಾಳೆಯಲ್ಲೇ ಉಳಿಯದಂತೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸೇರಿಸಿ. ಮೋರಿ ಮಾತ್ರ ಜೂನ್‌ಗೆ ಮೊದಲೇ ಆಗಬೇಕು.

ಹತ್ತು ಹದಿನೈದು ದಿನ ಬಿಟ್ಟು, ಒಂದು ಭಾನುವಾರ ನಿಜವಾಗಿ ನಡೆದು ನೋಡಿ. ಅತಿ ದೂರದ ಮನೆಯಿಂದ ಕೇಂದ್ರದ ತನಕ, ಒಬ್ಬ ವಯಸ್ಸಾದವರನ್ನು ಕುರ್ಚಿಯಲ್ಲಿ ಹೊತ್ತುಕೊಂಡು, ಗಡಿಯಾರ ನೋಡುತ್ತಾ. ಹಾಳೆಯಲ್ಲಿ ಇಪ್ಪತ್ತು ನಿಮಿಷ ಅಂತಿದ್ದದ್ದು ಕಾಲಿಗೆ ಎಷ್ಟಾಗುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಆ ಸಮಯವನ್ನೇ ಯೋಜನೆಯಲ್ಲಿ ತಿದ್ದಿ.

ಹೊರಗಿನ ತಜ್ಞರ ಬಗ್ಗೆ ಕೇಳಿದ್ದೀರಿ. ದಿನ ಪೂರ್ತಿ ಬೇಡ. ಅಗ್ನಿಶಾಮಕ ದಳದವರನ್ನು ಅಥವಾ ವಿಪತ್ತಿನಲ್ಲಿ ನೆರವಾಗಲು ತರಬೇತಿಯಾದ ‘ಆಪದ ಮಿತ್ರ’ ಸ್ವಯಂಸೇವಕರನ್ನು ಈ ನಡಿಗೆಯ ದಿನ ಕರೆಯಿರಿ. ಹೊತ್ತುಕೊಂಡು ಹೋಗುವ ಕ್ರಮ, ಹಗ್ಗ ಕಟ್ಟುವುದು, ರಕ್ತ ನಿಲ್ಲಿಸುವುದು ಅವರಿಂದ ಕೈಯಾರೆ ಕಲಿಯಬೇಕಾದದ್ದು. ‘ನಮ್ಮ ಗುಡ್ಡ ಕುಸಿಯುತ್ತಾ?’ ಅಂತ ಜನ ಕೇಳಿದರೆ ನೀವಾಗಲಿ ಅವರಾಗಲಿ ಹೌದು, ಇಲ್ಲ ಅನ್ನಬೇಡಿ. ಅದನ್ನು ಭೂವಿಜ್ಞಾನಿಗಳು ಬಂದು ನೋಡಿಯೇ ಹೇಳಬೇಕು. ಬಿರುಕು ಬಿಟ್ಟ ಜಾಗಗಳ ಫೋಟೋ ಸೇರಿಸಿ, ಪರಿಶೀಲನೆಗೆ ತಹಶೀಲ್ದಾರರ ಮೂಲಕ ಜಿಲ್ಲಾಡಳಿತಕ್ಕೆ ಪತ್ರ ಬರೆಯಿರಿ. ಮೇ ಕೊನೆಯಲ್ಲಿ ಎಲ್ಲ ಪಂಚಾಯಿತಿಗಳೂ ಒಟ್ಟಿಗೆ ಬರೆಯುತ್ತವೆ, ಆದ್ದರಿಂದ ನಿಮ್ಮದು ಈ ವಾರವೇ ಹೋಗಲಿ.